ಬಸಿರು ಮತ್ತು ಸಕ್ಕರೆ: ಗೆರೆ ಎಳೆಯುವುದೆಲ್ಲಿ?



26ನೇ ವಾರದ ಗರ್ಭಿಣಿಯೊಬ್ಬಳು 75 ಗ್ರಾಂ ಗ್ಲೂಕೋಸ್ ಬೆರೆಸಿದ ನೀರು ಕುಡಿದು ಎರಡು ಗಂಟೆ ಕಾದಿದ್ದಾಳೆ. ಸಕ್ಕರೆ ಡೆಸಿಲೀಟರಿಗೆ 145 ಮಿಲಿಗ್ರಾಂ ಬಂತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾದರೆ ಅವಳ ತಾಯಿ ಕಾರ್ಡಿನ ಮೇಲೆ ಗರ್ಭಾವಸ್ಥೆಯ ಮಧುಮೇಹವೆಂದು ಬರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ ಅನುಸರಿಸುವ ಆಸ್ಪತ್ರೆಯಲ್ಲಾದರೆ, ಖಾಲಿ ಹೊಟ್ಟೆಯ ಮತ್ತು ಒಂದು ಗಂಟೆಯ ಅಂಕಿಗಳೂ ಮಿತಿಯೊಳಗಿದ್ದಲ್ಲಿ, ಏನೂ ತೊಂದರೆಯಿಲ್ಲ ಎನ್ನುತ್ತಾರೆ. ರಕ್ತ ಅದೇ, ಹೆಂಗಸೂ ಅವಳೇ. ಇಂದು ನಾನು ಮಾತಾಡಬೇಕೆಂದಿರುವುದು ಈ ವ್ಯತ್ಯಾಸ ಎಲ್ಲಿಂದ ಬಂತೆಂಬುದರ ಬಗ್ಗೆ.

ಮೊದಲು ಮೈಯೊಳಗಿನ ಸಂಗತಿ. ಮಾಸು ಬೆಳೆದಂತೆ ಅದು ಸ್ರವಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಒದಗಿಸಿದರೆ ಸರಿ, ಆಗದಿದ್ದರೆ ಸಕ್ಕರೆ ಏರುತ್ತದೆ. 24ರಿಂದ 28ನೇ ವಾರದ ಪರೀಕ್ಷೆಗೆ ಇದೇ ಕಾರಣ. ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. ಆರೋಗ್ಯವಂತ ಬಸುರಿಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಮೊದಲಿಗಿಂತ ಇಳಿಯುತ್ತದೆ. ಹಾಗಾಗಿ ಉಳಿದವರಿಗೆ ನಿಶ್ಚಿಂತೆಯ ಅಂಕಿಯಾದ 95 ಅವಳಿಗೆ ಎಚ್ಚರಿಕೆಯಾಗಬಹುದು.

ವರ್ಗೀಕರಣದ ಮೊದಲ ದೊಡ್ಡ ಪ್ರಯತ್ನ ಬಾಸ್ಟನ್ನಿನ ವೈದ್ಯೆ ಪ್ರಿಸಿಲ್ಲಾ ವೈಟ್ ಅವರದು, 1949ರಲ್ಲಿ. 1921ರಲ್ಲಿ ಇನ್ಸುಲಿನ್ ಸಿಕ್ಕ ಮೇಲೆ, ಅದಿಲ್ಲದಿದ್ದರೆ ಎಳೆಯ ವಯಸ್ಸಿನಲ್ಲೇ ಸಾಯುತ್ತಿದ್ದ ಹುಡುಗಿಯರು ಬದುಕಿ ತಾಯಂದಿರಾಗತೊಡಗಿದ್ದರು. ಕಾಯಿಲೆ ಯಾವ ವಯಸ್ಸಿಗೆ ಬಂತು, ಎಷ್ಟು ವರ್ಷವಾಯಿತು, ಕಣ್ಣು, ಮೂತ್ರಪಿಂಡ, ರಕ್ತನಾಳಗಳಿಗೆ ಹಾನಿಯಾಗಿದೆಯೇ ಎಂದು ನೋಡಿ ಅವರನ್ನು ಅಕ್ಷರಗಳ ಕ್ರಮದಲ್ಲಿ ವೈಟ್ ವಿಂಗಡಿಸಿದರು. ಈ ಹಸುಗೂಸು ಉಳಿಯುತ್ತದೆಯೇ ಎಂಬುದು ಅವರ ಚಿಂತೆಯಾಗಿತ್ತು.

1964ರಲ್ಲಿ ಜಾನ್ ಒಸಲಿವನ್ ಮತ್ತು ಕ್ಲೇರ್ ಮಹನ್ ಎತ್ತಿದ ಪ್ರಶ್ನೆ ಬೇರೆ. 752 ಗರ್ಭಿಣಿಯರಿಗೆ 100 ಗ್ರಾಂ ಗ್ಲೂಕೋಸ್ ಕುಡಿಸಿ ಮೂರು ಗಂಟೆಯ ಅಂಕಿಗಳನ್ನು ಪಡೆದು ಅವರು ಮಿತಿ ಗೊತ್ತುಮಾಡಿದರು. ಮುಂದೆ ಯಾವ ತಾಯಿಗೆ ಮಧುಮೇಹ ಬರಬಹುದು ಎಂದು ತಿಳಿಯುವುದು ಉದ್ದೇಶ; ಆ ಮಿತಿಗೆ ಮಗುವಿನ ಲೆಕ್ಕ ಆಧಾರವಾಗಿರಲಿಲ್ಲ. ಆದರೂ ದಶಕಗಳ ಕಾಲ ಅದೇ ಗೆರೆ, ಅಲ್ಪಸ್ವಲ್ಪ ತಿದ್ದುಪಡಿಯೊಂದಿಗೆ, ಮಗುವಿನ ರಕ್ಷಣೆಗೂ ಬಳಕೆಯಾಯಿತು.

ಮಗುವಿನ ಕಡೆಯಿಂದ ಪ್ರಶ್ನೆ ಕೇಳಿದ್ದು 2008ರಲ್ಲಿ ಪ್ರಕಟವಾದ ಹ್ಯಾಪೋ ಅಧ್ಯಯನ. 9 ದೇಶಗಳ 15 ಕೇಂದ್ರಗಳು, 23,000ಕ್ಕೂ ಹೆಚ್ಚು ತಾಯಂದಿರು. ತಾಯಿಯ ಸಕ್ಕರೆ ಏರಿದಂತೆ ಮಗುವಿನ ತೂಕ, ಹೊಕ್ಕುಳಬಳ್ಳಿಯ ರಕ್ತದಲ್ಲಿ ಕಾಣುವ ಇನ್ಸುಲಿನ್ನಿನ ಸುಳಿವು, ಎರಡೂ ಏರುತ್ತಾ ಹೋದವು. ಇಲ್ಲಿಂದ ಈಚೆ ಕ್ಷೇಮ, ಆಚೆ ಅಪಾಯ ಎನ್ನುವ ಮೆಟ್ಟಿಲು ಎಲ್ಲೂ ಸಿಗಲಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದು: ನಿಸರ್ಗ ಗೆರೆ ಎಳೆದಿಲ್ಲ, ನಾವು ಎಳೆಯಬೇಕು. 2010ರಲ್ಲಿ ತಜ್ಞರ ಅಂತರರಾಷ್ಟ್ರೀಯ ಮಂಡಳಿಯೊಂದು, ಸರಾಸರಿ ಸಕ್ಕರೆಯ ತಾಯಂದಿರಿಗೆ ಹೋಲಿಸಿದರೆ ಮಗುವಿಗೆ ಈ ತೊಂದರೆಗಳ ಸಾಧ್ಯತೆ 1.75 ಪಟ್ಟಾಗುವ ಬಿಂದುವನ್ನು ಆರಿಸಿತು. ಖಾಲಿ ಹೊಟ್ಟೆಯಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153; ಯಾವುದಾದರೂ ಒಂದು ಮುಟ್ಟಿದರೆ ಸಾಕು.

2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿ ಇನ್ನೊಂದು ಅಗತ್ಯ ಕೆಲಸವನ್ನೂ ಮಾಡಿತು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಎರಡು ಗಂಟೆಗೆ 200 ಮುಟ್ಟಿದವರನ್ನು ಬೇರೆ ಗುಂಪಿಗೆ ಸೇರಿಸಿತು. ಬಸಿರಿಗೆ ಮುಂಚೆಯೇ ಅರಿವಿಲ್ಲದೆ ಮಧುಮೇಹ ಇದ್ದವರು ಇವರಲ್ಲಿ ಹಲವರು. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ವಾರಗಳಲ್ಲಿ. ಆಗಲೇ ಸಕ್ಕರೆ ಹೆಚ್ಚಿದ್ದರೆ ಜನ್ಮದೋಷದ ಅಪಾಯವಿದೆ. ಆದ್ದರಿಂದ ಮೊದಲ ಭೇಟಿಯಲ್ಲೇ ರಕ್ತ ನೋಡಬೇಕು.

ಭಾರತದ ದಾರಿ ಬೇರೆ. ಚೆನ್ನೈನ ಡಾ. ವಿ. ಶೇಷಯ್ಯ ಪ್ರತಿಪಾದಿಸಿದ ಕ್ರಮದಲ್ಲಿ ಗರ್ಭಿಣಿ ಊಟ ಮಾಡಿ ಬಂದಿರಲಿ, ಉಪವಾಸವಿರಲಿ, 75 ಗ್ರಾಂ ಗ್ಲೂಕೋಸ್ ಕೊಟ್ಟು ಎರಡು ಗಂಟೆಗೆ ಒಂದೇ ಸಲ ರಕ್ತ ತೆಗೆಯುತ್ತಾರೆ. 140 ಗೆರೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ಇದನ್ನೇ ಒಪ್ಪಿದೆ. ಬೆಳಗಿನ ಬಸ್ಸು ಹಿಡಿದು ಬರುವ ಬಸುರಿಗೆ ಉಪವಾಸವಿರು, ನಾಳೆ ಮತ್ತೆ ಬಾ ಎಂದರೆ ಅವಳು ಬರುವುದಿಲ್ಲ. ಖಾಲಿ ಹೊಟ್ಟೆಯ ಏರಿಕೆಯನ್ನು ಈ ಕ್ರಮ ಗುರುತಿಸುವುದಿಲ್ಲ ಎಂಬ ಟೀಕೆ ಚೆನ್ನೈನ ಸಂಶೋಧಕರಿಂದಲೇ ಬಂದಿದೆ, ಅದರಲ್ಲಿ ಹುರುಳೂ ಇದೆ. ಅನುಕೂಲವಿರುವ ಕಡೆ ಮೂರು ಸಲದ ಪರೀಕ್ಷೆಯನ್ನೇ ಮಾಡಲಿ. ಇಲ್ಲದ ಕಡೆ ಪರೀಕ್ಷೆಯೇ ಆಗದಿರುವುದಕ್ಕಿಂತ ಈ ಒಂದು ಪರೀಕ್ಷೆ ಸಾವಿರ ಪಾಲು ಮೇಲು.

ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಪರೀಕ್ಷಿಸಿದ ಗರ್ಭಿಣಿಯರಲ್ಲಿ ಶೇ. 6.2ರಷ್ಟು ಮಂದಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ಅವರ ಮಕ್ಕಳನ್ನೂ ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ಐದನೆಯ ವಯಸ್ಸಿಗೇ ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಕೊಬ್ಬು ಮತ್ತು ಇನ್ಸುಲಿನ್ ಹೆಚ್ಚಿದ್ದವು. ಹೀಗೆ ತಾಯಿಗೆ ಹೆರಿಗೆಯಾದರೂ ಕಥೆ ಮುಗಿದಿರುವುದಿಲ್ಲ.

ವರ್ಗೀಕರಣವೂ ಹೆರಿಗೆಗೆ ಮುಗಿಯುವುದಿಲ್ಲ. ಮಾಸು ಬಿದ್ದ ಮೇಲೆ ಸಕ್ಕರೆ ಇಳಿಯಿತೇ, ಇಲ್ಲವೇ ಎಂದು ಆರು ವಾರಕ್ಕೆ ಮತ್ತೆ ನೋಡಿದಾಗಲೇ ಇದು ಬಸಿರಿನೊಂದಿಗೆ ಬಂದು ಹೋದದ್ದೋ, ಉಳಿದುಕೊಂಡದ್ದೋ ಎಂದು ಹೇಳಬಹುದು. ಆ ಹೊತ್ತಿಗೆ ಬಾಣಂತಿ ತವರಿನಲ್ಲಿರುತ್ತಾಳೆ, ಪರೀಕ್ಷೆ ಮರೆತುಹೋಗುತ್ತದೆ. ಆದರೆ ಆರನೇ ವಾರಕ್ಕೆ ಮಗುವಿಗೆ ಲಸಿಕೆ ಹಾಕಿಸಲು ಎಲ್ಲೇ ಇದ್ದರೂ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಬಂದೇ ಬರುತ್ತಾಳೆ. ಬೆಳಿಗ್ಗೆ ಏನೂ ತಿನ್ನದೆ ಬರುವಂತೆ ಆಶಾ ಕಾರ್ಯಕರ್ತೆ ಹಿಂದಿನ ದಿನವೇ ತಿಳಿಸಲಿ. ಅದೇ ದಿನ ಅದೇ ಕೊಠಡಿಯಲ್ಲಿ ತಾಯಿಯ ರಕ್ತವನ್ನೂ ಪರೀಕ್ಷಿಸಿ, ಫಲಿತಾಂಶವನ್ನು ಅವಳ ತಾಯಿ ಕಾರ್ಡಿನಲ್ಲಿಯೇ ಬರೆದುಕೊಡಲಿ.