ಅಪ್ಪನ ತಂಬೂರಿ
(ವಡೋದರೆಯ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ, ಬ್ಯಾಂಕಿನ ಗುಮಾಸ್ತ. ಸಂಗೀತದ ವಿಷಯವಾಗಿ ನಾಲ್ಕು ಮಾತನಾಡುವ ಅಧಿಕಾರವಂತೂ ನನಗೆ ಎಳ್ಳಷ್ಟೂ ಇಲ್ಲ. ಆದರೆ ಈಗ ತಾವೆಲ್ಲ ಕೇಳಿದ ಗಾಯನಕ್ಕೆ ಶ್ರುತಿ ಹಿಡಿದ ತಂಬೂರಿ ನಮ್ಮ ಮನೆಯದು. ಅದರ ಕಥೆಯನ್ನು ಹೇಳಲೇಬೇಕೆಂದು ಕಾರ್ಯದರ್ಶಿಗಳು ಹಟ ಹಿಡಿದರು. ಕಥೆ ಹೇಳಹೊರಟರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ. ಹೇಳುತ್ತೇನೆ.

ನಮ್ಮ ತಂದೆಯವರು ಧಾರವಾಡದವರು. ಹರೆಯದಲ್ಲಿ ಐದಾರು ವರ್ಷ ಗುರುಗಳ ಮನೆಯಲ್ಲಿ ಸಂಗೀತ ಕಲಿತವರು. ಗಾಯಕರಾಗುವಷ್ಟು ವಿದ್ಯೆ ಕೈಗೂಡಲಿಲ್ಲ. ಗಾಯನವಿಲ್ಲದೆ ಬದುಕುವಷ್ಟು ಉದಾಸೀನವೂ ಬರಲಿಲ್ಲ. ನೌಕರಿ ಹಿಡಿದ ಹೊಸದರಲ್ಲಿ, 1979ರಲ್ಲಿ, ಎರಡು ತಿಂಗಳ ಸಂಬಳ ಕೂಡಿಸಿ ಮೀರಜಿಗೆ ಹೋಗಿ ಈ ತಂಬೂರಿಯನ್ನು ಕೊಂಡರಂತೆ. ಮುಂದೆ ಕಾರಖಾನೆಯ ಕೆಲಸಕ್ಕೆಂದು ವಡೋದರೆಗೆ ಬಂದಾಗ ಒಂದು ಟ್ರಂಕು, ಒಂದು ಹಾಸಿಗೆಸುರುಳಿ, ಒಂದು ತಂಬೂರಿ, ಇಷ್ಟೇ ಅವರ ಸಂಸಾರ. ರೈಲಿನಲ್ಲಿ ಅದನ್ನು ಕೆಳಗಿಡದೆ ತೊಡೆಯ ಮೇಲೆಯೇ ಹಿಡಿದು ಕುಳಿತಿದ್ದರೆಂದು ಅವ್ವ ಇಂದಿಗೂ ನಗುತ್ತಾಳೆ.

ನಸುಕಿನ ಐದೂವರೆಗೆ ನಮ್ಮ ಮನೆಯಲ್ಲಿ ತಂಬೂರಿ ನುಡಿಯುತ್ತಿತ್ತು. ನಾನು, ನನ್ನ ತಮ್ಮ, ತಂಗಿ ಮೂವರೂ ಚಾಪೆಯ ಮೇಲೆ ಕೂಡುತ್ತಿದ್ದೆವು. ತಮ್ಮ ನಿದ್ದೆ ಮಾಡುತ್ತಿದ್ದ. ನಾನು ಹದಿಮೂರನೆಯ ವಯಸ್ಸಿನಲ್ಲಿ, "ಅಪ್ಪಾ, ಪರೀಕ್ಷೆ ಅದ, ನಾ ಇನ್ನ ಕೂಡೂದಿಲ್ಲ" ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, "ಆತು, ಓದಿಕೋ" ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತೆಂದು ಈಗ ಅನಿಸುತ್ತದೆ. ತಂಗಿಯೊಬ್ಬಳೇ ಮದುವೆಯಾಗಿ ಸೂರತ್ತಿಗೆ ಹೋಗುವವರೆಗೂ ಚಾಪೆ ಬಿಡಲಿಲ್ಲ.

2022ರಲ್ಲಿ ಅಪ್ಪ ತೀರಿಕೊಂಡರು. ಠೇವಣಿ, ಪಿಂಚಣಿ, ಉಳಿತಾಯದ ಖಾತೆ, ಎಲ್ಲ ಕಾಗದಪತ್ರಗಳನ್ನೂ ನಾನೇ ಮುಂದೆ ನಿಂತು ಮಾಡಿಸಿದೆ. ಅದು ನನ್ನ ಕಸುಬು. ನಾಮಿನಿ ಎಂದರೆ ಒಡೆಯನಲ್ಲ, ವಾರಸುದಾರರ ಪರವಾಗಿ ಹಣ ಪಡೆಯುವವನು ಮಾತ್ರ ಎಂದು ನಮ್ಮ ಕೌಂಟರಿನ ಮುಂದೆ ನಿಂತವರಿಗೆ ದಿನಕ್ಕೆ ನಾಲ್ಕು ಸಲ ಹೇಳುವವನು ನಾನು. ಉಯಿಲು ಬರೆಯದೆ ಸತ್ತ ಹಿಂದೂ ಗೃಹಸ್ಥನ ಸ್ವಂತ ಆಸ್ತಿಯಲ್ಲಿ ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲೆಂದು 1956ರ ಕಾನೂನು ಹೇಳುತ್ತದೆ. ಅದನ್ನೂ ಬಲ್ಲೆ. ದುಡ್ಡನ್ನು ಪೈಸೆ ತಪ್ಪದಂತೆ ಹಂಚಿದೆ. ತಂಬೂರಿಯನ್ನು ಮಾತ್ರ ಲೆಕ್ಕಕ್ಕೇ ಹಿಡಿಯಲಿಲ್ಲ. ಹಿರಿಯ ಮಗ, ಅಪ್ಪನ ವಸ್ತು ನನ್ನ ಮನೆಯಲ್ಲಿರುವುದೇ ಸಹಜವೆಂದುಕೊಂಡೆ. ಅಹಮದಾಬಾದಿನ ತಮ್ಮ "ಅಣ್ಣನ ಮನ್ಯಾಗ ಇರಲಿ" ಎಂದ. ತಂಗಿ ಏನೂ ಕೇಳಲಿಲ್ಲ. ಅವಳು ಕೇಳಲಿಲ್ಲವೆಂಬುದನ್ನೇ ನಾನು ಒಪ್ಪಿಗೆಯೆಂದು ಬರೆದುಕೊಂಡೆ.

ತಂಬೂರಿಯನ್ನು ಗವಸಣಿಗೆ ಹಾಕಿ ಕಪಾಟಿನ ಮೇಲೆ ಮಲಗಿಸಿದೆ. ಒಂದು ದಿನ ತಂಗಿ ಫೋನಿನಲ್ಲಿ, "ಅಣ್ಣಾ, ತಂತಿ ಸಡಿಲ ಮಾಡಿ ಇಟ್ಟೀಯಲ್ಲಾ?" ಎಂದು ಕೇಳಿದಳು. "ಹೂಂ" ಎಂದೆ. ಮಾಡಿರಲಿಲ್ಲ. ಮರುವರ್ಷದ ಮೇ ತಿಂಗಳು. ವಡೋದರೆಯ ಬಿಸಿಲನ್ನು ತಮಗೆ ನಾನು ಬಣ್ಣಿಸಬೇಕಾಗಿಲ್ಲ. ಒಂದು ಮಧ್ಯಾಹ್ನ ಕಪಾಟಿನ ಮೇಲಿನಿಂದ ಕಟ್ಟಿಗೆ ಸೀಳಿದಂಥ ಸಪ್ಪಳವಾಯಿತು. ಇಳಿಸಿ ನೋಡಿದರೆ ಬುರುಡೆ ಒಂದು ಗೇಣು ಉದ್ದಕ್ಕೆ ಬಿರಿದಿತ್ತು. ಒಣಗಿದ ಬುರುಡೆ, ಬಿಗಿದ ತಂತಿ, ಮತ್ತೇನಾದೀತು? ಅವ್ವ ನನ್ನನ್ನು ಬೈಯಲಿಲ್ಲ. ಸೆರಗಿನಿಂದ ಬುರುಡೆಯ ಧೂಳನ್ನು ಒರೆಸಿ, "ನಡಿ, ಮೀರಜಿಗೆ ಹೋಗೂಣು" ಎಂದಳು.

ಮೀರಜಿನ ಹೆಸರನ್ನು ತಾವು ಕೇಳಿದ್ದೀರಿ. ನಮ್ಮ ಬೆಳಗಾವಿ ಜಿಲ್ಲೆಗೆ ಹತ್ತಿಕೊಂಡಂತಿರುವ ಊರು. ಆಯುಧಗಳಿಗೆ ಸಾಣೆ ಹಿಡಿಯುವ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಕತ್ತಿಯ ಕಾಲ ಮುಗಿಯುತ್ತ ಬಂದಾಗ ಸಿತಾರು ತಂಬೂರಿಗಳನ್ನು ಮಾಡಲು ಕೈಹಚ್ಚಿದರು. ಅವರಲ್ಲಿ ಫರೀದಸಾಹೇಬರ ಹೆಸರು ಮೊದಲು ಬರುತ್ತದೆ. ಪಂಢರಪುರದ ಸುತ್ತಿನ ಸೀಮೆಯಲ್ಲಿ ಬೆಳೆದ ದೊಡ್ಡ ಬುರುಡೆಗಳನ್ನು ತಂದು ಒಣಗಿಸಿ ಕೊಯ್ದು ಕಟ್ಟಿಗೆಗೆ ಕೂಡಿಸುತ್ತಾರೆ. ಮೀರಜಿನ ಸಿತಾರಿಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ನಾವು ಹೋದ ಅಂಗಡಿಯಲ್ಲಿ ಮುದುಕರೊಬ್ಬರು ಬುರುಡೆಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, "ಜೀವ ಅದ, ಕೂಡತದ" ಎಂದರು. ಆಮೇಲೆ, "ಯಾರು ಹಾಡತಾರ?" ಎಂದು ಕೇಳಿದರು. ಕುದುರೆಯನ್ನು ಎಷ್ಟು ತಿಕ್ಕಬೇಕು, ತಂತಿ ಎಂಥವು ಹಾಕಬೇಕು ಎಂಬುದೆಲ್ಲ ಹಾಡುವವರ ಶ್ರುತಿಯ ಮೇಲೆ ನಿಂತಿದೆ. ಗಂಡಸಿನ ಧ್ವನಿಗೆ ಬೇರೆ, ಹೆಂಗಸಿನ ಧ್ವನಿಗೆ ಬೇರೆ. ಅವರು ಕೇಳಿದ್ದು ಕಸುಬಿನ ಪ್ರಶ್ನೆ. ನನಗೆ ಮಾತ್ರ ಅದು ನ್ಯಾಯಾಧೀಶರ ಪ್ರಶ್ನೆಯಂತೆ ಕೇಳಿಸಿತು. ನಾನು ಸುಮ್ಮನೆ ನಿಂತೆ. ಅವ್ವ, "ನನ್ನ ಮಗಳು ಹಾಡತಾಳ" ಎಂದಳು. ಎರಡು ವರ್ಷ ನಾನು ಬಿಡಿಸದ ಲೆಕ್ಕ ಅಲ್ಲಿ ಮೂರು ಶಬ್ದಗಳಲ್ಲಿ ಮುಗಿಯಿತು.

ಮರಳಿ ಬರುವಾಗ ರೈಲಿನಲ್ಲಿ ಅವ್ವ ಅಪ್ಪ ಹೇಳುತ್ತಿದ್ದ ಒಂದು ಸಂಗತಿಯನ್ನು ನೆನಪಿಸಿದಳು. ನಾವು ಗುಜರಾತಕ್ಕೆ ಬಂದು ಪರದೇಶಿಗಳಾದೆವೆಂದು ಕೊರಗುತ್ತೇವಲ್ಲ, ಸಂಗೀತಕ್ಕೆ ಆ ದುಃಖವಿಲ್ಲವಂತೆ. ನಮ್ಮ ವಡೋದರೆಯಲ್ಲಿ ಸಯಾಜಿರಾವ್ ಮಹಾರಾಜರ ಆಶ್ರಯದಲ್ಲಿ 1886ರಲ್ಲಿ ಗಾಯನಶಾಲೆಯನ್ನು ತೆರೆದ ಮೌಲಾಬಕ್ಷರು ಅದಕ್ಕೂ ಮುಂಚೆ ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದು ಬಂದವರು. ಆ ಶಾಲೆಯೇ ಇಂದು ಸುರಸಾಗರ ಕೆರೆಯ ಹತ್ತಿರ ವಿಶ್ವವಿದ್ಯಾಲಯದ ವಿಭಾಗವಾಗಿ ನಿಂತಿದೆ. ಇದೇ ವಡೋದರೆಯ ದರಬಾರಿನಲ್ಲಿ ಹಾಡುತ್ತಿದ್ದ ಅಬ್ದುಲ್ ಕರೀಂ ಖಾನರು ಊರು ಬಿಟ್ಟು ಮುಂದೆ ಮೀರಜಿನಲ್ಲಿ ನೆಲಸಿದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ಗಂಗೂಬಾಯಿಯವರ ಹಿಂದೆ ಅವರ ಮಗಳು ಕೃಷ್ಣಾ ತಂಬೂರಿ ಹಿಡಿದು ದನಿಗೂಡಿಸುತ್ತಿದ್ದುದನ್ನು ಕಂಡವರು ಈ ಸಭೆಯಲ್ಲಿಯೂ ಇದ್ದಾರು. ಹೀಗೆ ಇಲ್ಲಿಂದ ಹೋದ ನಾದ ನಮ್ಮ ನಾಡಿನಲ್ಲಿ ಬೆಳೆಯಿತು. ಅಪ್ಪ ಅದರ ಒಂದು ಹನಿಯನ್ನು ತಿರುಗಿ ಇಲ್ಲಿಗೆ ತಂದಿದ್ದರು. ನಾನು ಅದನ್ನು ಕಪಾಟಿನ ಮೇಲೆ ಇಟ್ಟಿದ್ದೆ!

ತಂಬೂರಿಯನ್ನು ನಾನೇ ಸೂರತ್ತಿಗೆ ಒಯ್ದೆ, ತೊಡೆಯ ಮೇಲೆಯೇ. ತಂಗಿಯ ಮನೆ ಎರಡು ಕೋಣೆಯದು. ಅವಳು ನನ್ನೊಡನೆ ಮಾತನಾಡುವ ಮೊದಲು ಬುರುಡೆಯ ಬೆಸುಗೆಯ ಮೇಲೆ ಕೈಯಾಡಿಸಿದಳು. "ತಂತಿ ಸಡಿಲ ಮಾಡಿರಲಿಲ್ಲವ್ವಾ, ಸುಳ್ಳ ಹೇಳಿದ್ದೆ" ಎಂದೆ. "ಗೊತ್ತಿತ್ತು ಅಣ್ಣಾ" ಎಂದಳು. ಆಮೇಲೆ ಬಿರಡೆ ತಿರುವಿ, ಮಣಿ ಸರಿಸಿ, ಕುದುರೆಯ ಮೇಲೆ ಒಂದೊಂದು ತಂತಿಯ ಕೆಳಗೂ ನೂಲಿನ ಎಳೆ ಸೇರಿಸುತ್ತ ಕುಳಿತಳು. ಆ ನೂಲಿಗೆ ನಮ್ಮವರು ಜೀವಾಳವೆನ್ನುತ್ತಾರೆ. ಅದು ಸರಿಯಾದ ಜಾಗಕ್ಕೆ ಬರುವವರೆಗೆ ತಂತಿ ಬರಿಯ ತಂತಿ. ಬಂದ ಕೂಡಲೆ ಕೋಣೆಯೆಲ್ಲ ತುಂಬಿಕೊಳ್ಳುತ್ತದೆ. ನಸುಕಿನ ಐದೂವರೆಯ ನಮ್ಮ ಮನೆ ಸೂರತ್ತಿನ ಆ ಕೋಣೆಯಲ್ಲಿ ಎದ್ದು ನಿಂತಿತು. ಅವ್ವ ಅತ್ತಳು. ನಾನೂ ಅತ್ತೆನೆಂದು ಹೇಳಲು ನಾಚಿಕೆಯಿಲ್ಲ.

ಈಗ ನನ್ನ ಒಂಬತ್ತು ವರ್ಷದ ಮಗಳು ಸೂಟಿಗೆ ಸೋದರತ್ತೆಯ ಮನೆಗೆ ಹೋಗಿ ಕಲಿಯುತ್ತಾಳೆ. ಶಾಲೆಯಲ್ಲಿ ಅವಳದು ಗುಜರಾತಿ. ನನ್ನೊಡನೆ ಅರ್ಧ ಕನ್ನಡ. ಅತ್ತೆಯ ಎದುರು ಕುಳಿತಾಗ ಮಾತ್ರ ಪೂರಾ ಕನ್ನಡ, ಏಕೆಂದರೆ ತಪ್ಪಿದರೆ ಅತ್ತೆ ಬೈಯುವುದು ಧಾರವಾಡದ ಕನ್ನಡದಲ್ಲಿ.

ಬಂಧುಗಳೇ, ಪಿತ್ರಾರ್ಜಿತವೆಂದರೆ ಕೈಗೆ ಬಂದದ್ದು ಎಂದು ನಾನು ತಿಳಿದಿದ್ದೆ. ಬಳಸುವವರ ಕೈಗೆ ತಲುಪಿಸುವವರೆಗೆ ನಾವು ಬರಿಯ ನಾಮಿನಿಗಳು. ತಮ್ಮ ಮನೆಗಳಲ್ಲಿಯೂ ಕಪಾಟಿನ ಮೇಲೆ ಒಂದು ಪೇಟಿಯೋ, ತಬಲಾವೋ, ಅಜ್ಜಿಯ ಹಾಡಿನ ವಹಿಯೋ ಇದ್ದೀತು. ಇಂದು ಮನೆಗೆ ಹೋದ ಕೂಡಲೆ ಇಳಿಸಿ ನೋಡಿರಿ. ಅದು ನಿಮ್ಮ ಮನೆಯಲ್ಲಿ ಯಾರದೆಂದು ಕೇಳಿರಿ. ಕೇಳದೆ ಸುಮ್ಮನಿದ್ದವರನ್ನು ಮೊದಲು ಕೇಳಿರಿ. ಮೇ ತಿಂಗಳು ಬರುವ ಮುಂಚೆ ಕೇಳಿರಿ.