ಸಾಲ್ಕಣಿಯ ಜನ ಮರ ಅಪ್ಪಿದ್ದೇಕೆ?

ಭೂಮಿ ಬಿಸಿಯಾಗುತ್ತಿದೆ ಎಂಬುದು ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅದಕ್ಕಾಗಿ ಊರಿಗೆ ಊರೇ ಎದ್ದು ನಿಂತ ನಿದರ್ಶನಗಳು ವಿರಳ. ಜನ ಯಾವಾಗ ಒಟ್ಟಾಗುತ್ತಾರೆ? ಈ ಪ್ರಶ್ನೆ ಹಿಡಿದು ಶಿರಸಿ ತಾಲ್ಲೂಕಿನ ಸಾಲ್ಕಣಿಗೆ ಹೋಗಬೇಕು.

1983ರ ಸೆಪ್ಟೆಂಬರ್ 8ರಂದು ಅಲ್ಲಿನ ಗಂಡಸರು, ಹೆಂಗಸರು ಕಳಸೆ ಕಾಡಿಗೆ ನಡೆದುಹೋಗಿ, ಕೊಡಲಿಗೆ ಈಡಾಗಲಿದ್ದ ಮರಗಳನ್ನು ಅಪ್ಪಿಕೊಂಡರು. ಈ ಕಾವಲು 38 ದಿನ ನಡೆಯಿತು. ಹಿಮಾಲಯದ ಚಿಪ್ಕೊ ಇದಕ್ಕೆ ಸ್ಫೂರ್ತಿ. ಸುಂದರಲಾಲ ಬಹುಗುಣ ಅವರು ಶಿರಸಿಗೆ ಬಂದು ಮಾತನಾಡಿದ್ದರು. ಪಾಂಡುರಂಗ ಹೆಗಡೆ ಅವರು ಚಳವಳಿಯನ್ನು ಬೇರೆ ಊರುಗಳಿಗೂ ಒಯ್ದರು. ಆದರೆ ಬರಿಯ ಸ್ಫೂರ್ತಿ ಜನರನ್ನು ಮಳೆಗಾಲದ ಕಾಡಿನಲ್ಲಿ, ಉಂಬಳಗಳ ನಡುವೆ, ಅಷ್ಟು ದಿನ ನಿಲ್ಲಿಸಲಾರದು.

ಅಡಿಕೆ ತೋಟಕ್ಕೆ ಸೊಪ್ಪು ಬೇಕು, ದರಕು ಬೇಕು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದಲೂ ಇತ್ತು. ನೈಸರ್ಗಿಕ ಕಾಡು ಕಡಿದು ಸಾಗವಾನಿ ನೆಟ್ಟಲ್ಲಿ ಏನಾಯಿತೆಂದು ಜನ ಕಣ್ಣಾರೆ ಕಂಡಿದ್ದರು. ನಷ್ಟ ದೂರದ ಹಿಮಗಡ್ಡೆಯದಲ್ಲ, ತಮ್ಮದೇ ತೋಟದ್ದು.

ಇದಕ್ಕಿಂತ ಮುಖ್ಯವಾದುದು, ಅವರು ಒಬ್ಬರನ್ನೊಬ್ಬರು ಮೊದಲೇ ಬಲ್ಲವರಾಗಿದ್ದರು ಎಂಬುದು. ಊರಿನಲ್ಲಿ ಯುವಕ ಮಂಡಳಿಯಿತ್ತು. ಸಹಕಾರದ ರೂಢಿ ಸೀಮೆಗೇ ಹಳೆಯದು. ಶಿರಸಿಯ ತೋಟಗಾರರ ಮಾರಾಟ ಸಂಘ 1923ರಲ್ಲೇ ಹುಟ್ಟಿತ್ತು. ಹೊಸ ಸಂಘ ಕಟ್ಟುವ ಗೋಜಿರಲಿಲ್ಲ, ಇದ್ದುದಕ್ಕೆ ಹೊಸ ಕೆಲಸ ಸಿಕ್ಕಿತು. ಕಾಡಿನ ಸುದ್ದಿಯನ್ನು ಹಬ್ಬಿಸಲು ಯಕ್ಷಗಾನವೂ ಬಳಕೆಯಾಯಿತು. ಪಕ್ಕದ ಮನೆಯವರು ಹೊರಟಾಗ ತಾನೊಬ್ಬನೇ ಜಗುಲಿಯಲ್ಲಿ ಕುಳಿತಿರುವುದು ಹಳ್ಳಿಯಲ್ಲಿ ಸುಲಭವೂ ಅಲ್ಲ! ಸಂಶೋಧಕರು ಇದಕ್ಕೆ ದೊಡ್ಡ ಹೆಸರುಗಳನ್ನಿಡುತ್ತಾರೆ. ಮಲೆನಾಡಿನವರಿಗೆ ಇದು ಮುಯ್ಯಾಳಿನ ಲೆಕ್ಕದಷ್ಟೇ ಸಹಜ.

ಉಳಿಸು, ಬೆಳೆಸು, ಬಳಸು ಎಂಬುದು ಅಪ್ಪಿಕೋದ ಘೋಷಣೆ. ಕೊನೆಯ ಮಾತು ಇಲ್ಲದಿದ್ದರೆ, ಸೌದೆ-ಸೊಪ್ಪನ್ನೇ ನಂಬಿದವರು ಜೊತೆಗೂಡುತ್ತಿದ್ದರೆ ಎಂಬುದು ಅನುಮಾನ. ಒಂದು ತೊಡಕೂ ಇದೆ. ಬೆಟ್ಟದ ಸವಲತ್ತು ತೋಟವಿದ್ದವರದು. ತೋಟವಿಲ್ಲದ ಕೂಲಿಯವನ ಪಾಲೇನು? ಪಾಲು ಸಿಗದವನು ಎಷ್ಟು ದಿನ ಕಾವಲು ನಿಂತಾನು?

ಅಂದು ಯಾರೂ ಇಂಗಾಲದ ಲೆಕ್ಕ ಹಾಕಿರಲಿಲ್ಲ. ಉಳಿದ ಕಾಡು ಇಂಗಾಲವನ್ನು ಹಿಡಿದಿಟ್ಟುಕೊಂಡದ್ದು ಮಾತ್ರ ನಿಜ. ಆದರೆ ಆಗ ಎದುರಿಗೆ ಕೊಡಲಿ ಇತ್ತು, ತಡೆಯಬೇಕಾದವರು ಯಾರೆಂದು ತಿಳಿದಿತ್ತು. ಇದೇ ಜಿಲ್ಲೆಯಲ್ಲಿ 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಭಾರಿ ಮಳೆಗೆ ಗುಡ್ಡ ಕುಸಿಯಿತು. ಅಂಥ ಮಳೆಯನ್ನು ಅಪ್ಪಿ ನಿಲ್ಲಿಸಲು ಮರದಂತೆ ಏನೂ ಇಲ್ಲ. ಯುವಕ ಮಂಡಳಿ, ಸಹಕಾರಿ ಸಂಘಗಳು ಮಾತ್ರ ಈಗಲೂ ಇವೆ.