ದುಡ್ಡು ನಮ್ಮ ಹಗೆಯಲ್ಲ



ನಮ್ಮ ಹುಡುಗನೊಬ್ಬ ಟೆಂಪೋ ತಗೊಂಡ ಅನ್ನಿ. ಮಾರನೇ ದಿನವೇ ಮಾತು ಶುರು: ‘ಎಲ್ಲೋ ಮೋಸ ಮಾಡಿರಬೇಕು. ದುಡ್ಡು ಬಂದ್ರೆ ಮನುಷ್ಯ ಕೆಡ್ತಾನೆ.’ ಈ ಮಾತು ನಮಗೆ ಕಲಿಸಿದವರು ಯಾರು? ಶಕ್ತಿಯಿದ್ದರೂ ಶೂದ್ರ ಸಂಪತ್ತು ಕೂಡಿಡಬಾರದು ಎಂದು ಮನುಸ್ಮೃತಿಯ 10ನೇ ಅಧ್ಯಾಯ ಹೇಳುತ್ತದೆ. ಶೂದ್ರನಿಗೇ ಹೀಗಾದರೆ, ಊರಾಚೆ ಇಟ್ಟ ನಮ್ಮ ಪಾಡೇನು? ಬಾಬಾಸಾಹೇಬರ ಮುಂದಾಳತ್ವದಲ್ಲಿ 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಆ ಪುಸ್ತಕ ಸುಟ್ಟರು. ಅದರ ಮಾತು ಮಾತ್ರ ಇನ್ನೂ ನಮ್ಮ ಬಾಯಲ್ಲಿದೆ.

ಬಾಬಾಸಾಹೇಬರು ದುಡ್ಡನ್ನು ಬೈದು ಕೂರಲಿಲ್ಲ, ಓದಿದರು. ರೂಪಾಯಿಯ ಸಮಸ್ಯೆ ಕುರಿತ ಅವರ ಗ್ರಂಥ ಬಂದದ್ದು 1923ರಲ್ಲಿ.

ಸಿಟ್ಟು ಬೇಡ ಅಂತ ನಾನು ಹೇಳೋದಿಲ್ಲ. ನಮ್ಮ ತಳಿಯೂ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ 1892ರಲ್ಲಿ ನಮ್ಮವರಿಗೆಂದು ಪಂಚಮಿ ಭೂಮಿ ಕೊಡಲು ಆದೇಶವಾಯಿತು. ಬೇರೆಯವರಿಗೆ ಮಾರಬಾರದೆಂಬ ಷರತ್ತಿದ್ದರೂ ಎಷ್ಟೋ ಭೂಮಿ ಬೇರೆಯವರ ಪಾಲಾಯಿತು. ಅದನ್ನು ಕೇಳೋಣ, ಬಿಡೋದು ಬೇಡ. ಆದರೆ ಕಿತ್ತುಕೊಂಡವನನ್ನೂ ದುಡಿದು ಮೇಲೆ ಬಂದವನನ್ನೂ ಒಂದೇ ತಕ್ಕಡೀಲಿ ತೂಗಬೇಡಿ.

ಹೊಸೂರಿನ ಕಾರ್ಖಾನೆಗೆ ಕೂಲಿಗೆ ಹೋಗೋದು ನಮಗೆ ಗೊತ್ತು. ಅದಕ್ಕೆ ಮಾಲು ಒದಗಿಸೋದನ್ನೂ ಕಲಿಯೋಣ. ತಮಿಳುನಾಡು ಸರ್ಕಾರ 2023ರಲ್ಲಿ ತಂದ ಅಣ್ಣಲ್ ಅಂಬೇಡ್ಕರ್ ಉದ್ಯಮ ಯೋಜನೆಯಲ್ಲಿ ನೂರಕ್ಕೆ 35ರಷ್ಟು ಸಬ್ಸಿಡಿ ಇದೆ. ಕೃಷ್ಣಗಿರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಒಬ್ಬರೇ ಹೋಗಲು ಅಳುಕಾದರೆ ನಾಲ್ಕು ಜನ ಕೂಡಿ ಹೋಗಿ.

ಗೆದ್ದವನು ಕೇರಿ ಮರೀಬಾರದು. ಕೇರಿಯೂ ಅವನ ಕಾಲು ಎಳೀಬಾರದು. ಜೈ ಭೀಮ್.